ಬೋರಲಿಟ್ಟ ಚೊಂಬು

ಅತ್ತೆ ಸೊಸೆ ಮಾತು ಬಿಡುವುದಕ್ಕೆ ನಮ್ಮ ಕಡೆ ದೊಡ್ಡ ಕಾರಣವೇನೂ ಬೇಕಿಲ್ಲ. ಒಡವೆಗೆ ಬಿಟ್ಟವರುಂಟು, ಒಲೆಯ ಮುಂದಿನ ಜಾಗಕ್ಕೆ ಬಿಟ್ಟವರುಂಟು, ಒಂದು ಕೋಳಿಮರಿಗೆ ವರ್ಷಗಟ್ಟಲೆ ಬಿಟ್ಟವರೂ ಉಂಟು. ನಿಡಘಟ್ಟದ ಚಿಕ್ಕಮಾದುವಿನ ಮನೆಯಲ್ಲಿ ಮಾತ್ರ ಅವನ ಹೆಂಡತಿ ಶಿವನಂಜಮ್ಮನೂ ಸೊಸೆ ಪ್ರಿಯಾಂಕಳೂ ಮಾತು ಬಿಟ್ಟಿದ್ದು ನರ್ಸಿಂಗ್ ಕಾಲೇಜಿನ ದೆಸೆಯಿಂದ. ಕೇಳಿದವರು ಮೊದಮೊದಲು ನಕ್ಕರು.

ಅವತ್ತು ಭಾನುವಾರ. ಮುದ್ದೆ, ಉಪ್ಸಾರು, ನುಗ್ಗೆಸೊಪ್ಪಿನ ಪಲ್ಯ. ಚಿಕ್ಕಮಾದು, ಮಗ ರವಿಚಂದ್ರ, ಮಗಳು ಶೋಭಿತಾ ಸಾಲಾಗಿ ಕೂತಿದ್ದರು. ರವಿಚಂದ್ರನದು ಗೂಡ್ಸ್ ಆಟೋ; ತೋಟಗಳಿಂದ ಎಳನೀರು ತುಂಬಿಕೊಂಡು ಮದ್ದೂರಿನ ಮಾರುಕಟ್ಟೆಗೆ ಹಾಕುತ್ತಾನೆ. ಅವನ ಹೆಂಡತಿ ಪ್ರಿಯಾಂಕ ಮದ್ದೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಗುತ್ತಿಗೆ ನರ್ಸು. ಶೋಭಿತಾ ಎರಡನೇ ಪಿಯುಸಿ. ಶಿವನಂಜಮ್ಮ ಮಗಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟು, ಪರೀಕ್ಷೆ ಮುಗಿಸಿಕೊಂಡು ನೀನೂ ನಿಮ್ಮತ್ತಿಗೆ ಥರ ನರ್ಸಿಂಗ್ ಸೇರಿಕೋ ಎಂದಳು. ಹೊಸ ಮಾತಲ್ಲ, ವರ್ಷದಿಂದ ಹೇಳುತ್ತಿದ್ದ ಮಾತೇ. ಅವತ್ತು ಪ್ರಿಯಾಂಕ ರಾತ್ರಿ ಡ್ಯೂಟಿ ಮುಗಿಸಿ ಬಂದು ನಿದ್ದೆಗೆಟ್ಟು ಕೂತಿದ್ದಳು.

"ಬ್ಯಾಡ ಅತ್ತೆ," ಎಂದಳು. "ಬಿಕಾಂ ಓದ್ಲಿ, ಟೈಲರಿಂಗ್ ಕಲೀಲಿ, ಅಂಗಡಿ ಮಡಿಕಳ್ಲಿ. ನರ್ಸ್ ಮಾತ್ರ ಬ್ಯಾಡ."

"ಯಾಕೆ? ನೀನಾಗಿಲ್ವಾ?"

"ಆಗಿದೀನಲ್ಲ, ಅದ್ಕೇ ಹೇಳ್ತಿರೋದು."

ಹಿಂದಿನ ರಾತ್ರಿ ವಾರ್ಡಿನಲ್ಲಿ ತಾನೊಬ್ಬಳೇ ಇದ್ದೆ ಎಂದು ಹೇಳಿದಳು. ಜೊತೆಗಿದ್ದ ಒಬ್ಬಳು ಹೊರದೇಶಕ್ಕೆ ಹೋದಳು, ಇನ್ನೊಬ್ಬಳ ಗುತ್ತಿಗೆ ಮುಗಿಯಿತು, ಆ ಎರಡು ಜಾಗಕ್ಕೂ ಯಾರೂ ಬಂದಿಲ್ಲ. ಫಿಟ್ಸ್ ಬಂದ ಮಗುವೊಂದನ್ನು ಹಿಡಿದುಕೊಂಡಿದ್ದಾಗ ಆ ಕೊನೆಯ ಹಾಸಿಗೆಯ ಮುದುಕನ ಗ್ಲೂಕೋಸ್ ಬಾಟಲಿ ಖಾಲಿಯಾಗಿ, ನಳಿಗೆಯಲ್ಲಿ ರಕ್ತ ಮೇಲಕ್ಕೆ ಏರಿತ್ತಂತೆ. ಮುದುಕ ಕೂಗಿರಲಿಲ್ಲ. ಸಿಸ್ಟರು ಬರುತ್ತಾರೆ ಅಂತ ಬಾಗಿಲ ಕಡೆ ನೋಡಿಕೊಂಡು ಮಲಗಿದ್ದನಂತೆ. ಇಂಥ ಜೀವನ ನನ್ನ ನಾದಿನಿಗೆ ಬೇಡ ಎಂದು ಪ್ರಿಯಾಂಕ ಹೇಳಿದ್ದು ನಿಜವಾಗಿ ಪ್ರೀತಿಯಿಂದಲೇ. ಆದರೆ ಶಿವನಂಜಮ್ಮನ ಕಿವಿಗೆ ಅದು ಬೇರೆಯಾಗಿ ಬಿತ್ತು.

"ಊರ್ನಲ್ಲಿ ಬಿಳೀ ಕೋಟು ನಿನ್ನೊಬ್ಳ ಮೈಮೇಲೇ ಇರ್ಲಿ ಅಂತ," ಎಂದಳು. "ನನ್ ಮಗ್ಳು ನಿನ್ನ ಸರೀಕಳಾಗ್ಬಾರ್ದು. ಅಷ್ಟೇ ಕಣವ್ವ, ಗೊತ್ತಾಯ್ತು ಬುಡು."

ಪ್ರಿಯಾಂಕ ಅರ್ಧ ಮುದ್ದೆ ಬಿಟ್ಟು ಕೈ ತೊಳೆದಳು. ಮಾರನೆಯ ದಿನ ಅವಳೇ ಸೋತು, ಅತ್ತೆ, ಕಾಫಿ ಕುಡೀರಿ ಎಂದಳು, ಉತ್ತರ ಬರಲಿಲ್ಲ. ಇನ್ನೊಂದು ದಿನ ಮತ್ತೆ ಮಾತಾಡಿಸಿದಳು. ಶಿವನಂಜಮ್ಮ ಬೆಕ್ಕಿನ ಕಡೆ ತಿರುಗಿ ಅದನ್ನು ಮಾತಾಡಿಸಿದಳು. ಆಮೇಲೆ ಇವಳೂ ಬಿಟ್ಟಳು. ಇಬ್ಬರೂ ಬಿಗುಮಾನದವರೇ, ಯಾರನ್ನು ಬಯ್ಯೋಣ.

ಶಿವನಂಜಮ್ಮನ ಹಟಕ್ಕೂ ಒಂದು ಅರ್ಥವಿತ್ತು. ಊರಿನ ಆರೋಗ್ಯ ಉಪಕೇಂದ್ರದಲ್ಲಿದ್ದ ಸಿಸ್ಟರಮ್ಮ ವರ್ಗವಾಗಿ ಹೋದ ಮೇಲೆ ಅಲ್ಲಿಗೆ ಇನ್ನೊಬ್ಬರು ಬರಲೇ ಇಲ್ಲ. ಬೀಗ ತುಕ್ಕು ಹಿಡಿಯಿತು, ಮೆಟ್ಟಿಲ ಮೇಲೆ ನಾಯಿ ಮರಿ ಹಾಕಿತು. ಬಿಪಿ ನೋಡಿಸುವವರು, ಗಾಯ ಕಟ್ಟಿಸುವವರು, ಡಾಕ್ಟರು ಬರೆದ ಇಂಜಕ್ಷನ್ ಹಾಕಿಸಿಕೊಳ್ಳುವವರು ಒಬ್ಬೊಬ್ಬರಾಗಿ ಚಿಕ್ಕಮಾದುವಿನ ಮನೆ ಜಗಲಿಗೆ ಬರತೊಡಗಿದರು. ಕೇರಿಯವರು ಬಂದರು, ಆಮೇಲೆ ಊರೊಳಗಿನವರೂ ಬಂದರು. ಕೇರಿಯ ಹಾದಿ ತುಳಿಯದೆ ತಲೆ ನರೆತ ಜನ ಅವರು. ಶಿವನಂಜಮ್ಮ ಜಗಲಿ ಸಾರಿಸಿ, ಚಾಪೆ ಹಾಸಿ, ನನ್ ಸೊಸೆ ಬತ್ತಾಳೆ ಕೂತ್ಕಳಿ ಎನ್ನುವಾಗ ಅವಳ ಮುಖ ನೋಡಬೇಕಿತ್ತು. ಗೋಡೆಯ ಮೇಲೆ ಬುದ್ಧನೂ ಬಾಬಾಸಾಹೇಬರೂ ಇದ್ದರು, ಅವಳ ಪೂಜೆಯ ಮೂಲೆಯಲ್ಲಿ ಗ್ರಾಮದೇವತೆ ಪಟ್ಟಲದಮ್ಮ. ಮಗಳೂ ನರ್ಸಾಗಲಿ ಎಂದು ಅವಳು ಮೂವರಿಗೂ ಕೈ ಮುಗಿಯುತ್ತಿದ್ದಳು.

ಬರುವವರಲ್ಲಿ ಹೊಂಬಾಳೇಗೌಡರು ಮುಖ್ಯ. ಸಕ್ಕರೆ ಕಾಯಿಲೆ, ಎಡಗಾಲಿನ ಹೆಬ್ಬೆರಳ ಬುಡದಲ್ಲಿ ಆರದ ಗಾಯ. ದಿನ ಬಿಟ್ಟು ದಿನ ಗಾಯ ತೊಳೆದು ಕಟ್ಟಬೇಕು. ಚಿಕ್ಕಮಾದುವಿನ ಅಪ್ಪ ಆ ಮನೆಯವರನ್ನು ಬುದ್ದೀ ಎನ್ನುತ್ತಿದ್ದ, ಚಿಕ್ಕಮಾದು ಗೌಡ್ರೇ ಎನ್ನುತ್ತಾನೆ, ರವಿಚಂದ್ರ ಸಾರ್ ಎಂದು ಮುಗಿಸುತ್ತಾನೆ. ಗೌಡರು ಜಗಲಿಯ ತುದಿಯಲ್ಲಿ ಕೂರುತ್ತಿದ್ದರು. ಮಾತಿಗೇನೂ ಕಡಿಮೆಯಿಲ್ಲ, ಮಳೆ, ಬೆಳೆ, ಎಲೆಕ್ಷನ್ನು ಎಲ್ಲ ಆಡುತ್ತಿದ್ದರು. ಆದರೆ ಕಂಕುಳಲ್ಲಿ ಒಂದು ನೀರಿನ ಬಾಟಲಿ. ಕಾಫಿ ಕೊಟ್ಟರೆ ಈಗ ತಾನೇ ಕುಡಿದೆ ಎನ್ನುವರು, ನೀರು ಬೇಕಾದರೆ ಆ ಬಾಟಲಿಯಿಂದ ಕುಡಿಯುವರು. ಚಿಕ್ಕಮಾದು ಏನೂ ಅನ್ನುತ್ತಿರಲಿಲ್ಲ. ಶಿವನಂಜಮ್ಮ ಒಳಗೆ ಬಂದು, ಬಾಟ್ಲಿ ಗೌಡ್ರು ಬಂದವ್ರೆ ಎಂದು ಮೂಗೇರಿಸುತ್ತಿದ್ದಳು.

ಹೀಗಿರುವಾಗ ಪ್ರಿಯಾಂಕಳನ್ನು ಮಳವಳ್ಳಿ ಕಡೆಯ ಒಂದು ಆಸ್ಪತ್ರೆಗೆ ನಿಯೋಜನೆ ಮಾಡಿದರು. ಅಲ್ಲಿ ನರ್ಸುಗಳೇ ಇಲ್ಲವಂತೆ, ಮದ್ದೂರಿನಲ್ಲಿ ಇದ್ದಾರಂತೆ. ಇದ್ದದ್ದೇ ಒಬ್ಬಳು, ಅವಳನ್ನೂ ಎತ್ತಿ ಅತ್ತ ಹಾಕಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ನಿಡಘಟ್ಟದಿಂದ ಮದ್ದೂರಿಗೆ ಒಂದು ಬಸ್ಸು, ಅಲ್ಲಿಂದ ಮಳವಳ್ಳಿಗೆ ಇನ್ನೊಂದು. ಹೋಗುವ ಹೊತ್ತು ಗೊತ್ತು, ಬರುವ ಹೊತ್ತು ಆ ದೇವರಿಗೇ ಗೊತ್ತಿಲ್ಲ. ಬದಲಿಗೆ ಬರಬೇಕಾದವಳು ಬಾರದಿದ್ದರೆ ಇವಳು ವಾರ್ಡು ಬಿಟ್ಟು ಬರುವ ಹಾಗಿಲ್ಲ. ಡ್ಯೂಟಿಯ ಮೇಲೆ ಡ್ಯೂಟಿ. ಫೋನನ್ನು ಬೀರುವಿನಲ್ಲಿಟ್ಟು ವಾರ್ಡಿಗೆ ಇಳಿದರೆ ಮನೆಯವರು ಎಷ್ಟು ಮಾಡಿದರೂ ಎತ್ತುವವರಿಲ್ಲ.

ಇದರಿಂದ ಮೊದಲು ಅಲ್ಲಾಡಿದ್ದು ಶಿವನಂಜಮ್ಮನ ಸೂಜಿ. ಅವಳಿಗೂ ಸಕ್ಕರೆ ಕಾಯಿಲೆ, ಬೆಳಿಗ್ಗೆ ಸಂಜೆ ಊಟಕ್ಕೆ ಮುಂಚೆ ಹೊಟ್ಟೆಗೆ ಇನ್ಸುಲಿನ್ ಬೇಕು. ಮನೆಯಲ್ಲಿ ಅದಕ್ಕೆ ಸೂಜಿ ಎಂದೇ ಹೆಸರು. ಪ್ರಿಯಾಂಕ ಮದ್ದೂರಿನಲ್ಲಿದ್ದಾಗ ಎರಡು ಹೊತ್ತೂ ಅವಳೇ ಕೊಡುತ್ತಿದ್ದಳು. ಮಾತು ಬಿಟ್ಟ ಮೇಲೂ ಕೊಟ್ಟಳು. ಒಬ್ಬಳು ಸೂಜಿ ಹಿಡಿದು ಬರುವುದು, ಇನ್ನೊಬ್ಬಳು ಸೆರಗು ಸರಿಸಿ ಹೊಟ್ಟೆ ಕೊಡುವುದು, ಇಬ್ಬರೂ ಬೇರೆ ಬೇರೆ ಗೋಡೆ ನೋಡುವುದು. ನೋಡಿದವರಿಗೆ ನಗುವೂ ಬರುತ್ತಿತ್ತು, ಸಂಕಟವೂ ಆಗುತ್ತಿತ್ತು. ಮಳವಳ್ಳಿಗೆ ಹೋದ ಮೇಲೆ ರವಿಚಂದ್ರನೂ ಶೋಭಿತಾಳೂ ಸೂಜಿ ಹಾಕುವುದನ್ನು ಅವಳಿಂದಲೇ ಕಲಿತರು. ಯಾರು ಮನೆಯಲ್ಲಿದ್ದರೆ ಅವರು. ಆದರೆ ಒಬ್ಬರು ಕೊಟ್ಟಿದ್ದು ಇನ್ನೊಬ್ಬರಿಗೆ ತಿಳಿಯುವುದು ಹೇಗೆ? ರವಿಚಂದ್ರ ಬೆಳಗಾಗುತ್ತಲೇ ತೋಟಗಳ ಕಡೆ ಹೋಗಿಬಿಡುತ್ತಾನೆ, ಶೋಭಿತಾ ಕಾಲೇಜಿಗೆ, ಪ್ರಿಯಾಂಕ ಯಾವ ಹೊತ್ತಿಗೋ ಬರುತ್ತಾಳೆ. ಬಾಯಿಬಿಟ್ಟು ಕೇಳೋಣವೆಂದರೆ ಅತ್ತೆ ಸೊಸೆಯ ನಡುವೆ ಮಾತಿಲ್ಲ.

ಉಪಾಯ ಹೂಡಿದ್ದು ಶೋಭಿತಾ. ಫ್ರಿಜ್ಜಿನ ಪಕ್ಕದ ಗೂಡಿನಲ್ಲಿ ಒಂದು ಹಿತ್ತಾಳೆ ಚೊಂಬಿತ್ತು, ಶಿವನಂಜಮ್ಮನ ತವರಾದ ಕೊತ್ತತ್ತಿಯಿಂದ ಮದುವೆಯಲ್ಲಿ ಬಂದದ್ದು. ದಿನಬಳಕೆಗೆಲ್ಲ ಸ್ಟೀಲು ಲೋಟ, ಪ್ಲಾಸ್ಟಿಕ್ ಬಿಂದಿಗೆ ಬಂದ ಮೇಲೆ ಚೊಂಬು ಸುಮ್ಮನೆ ಕೂತಿತ್ತು. ಸೂಜಿ ಆಗಿದ್ದರೆ ಚೊಂಬು ಬೋರಲು, ಆಗಬೇಕಿದ್ದರೆ ನೆಟ್ಟಗೆ. ಅಷ್ಟೇ. ಸೂಜಿ ಕೊಟ್ಟವರು ಬೋರಲು ಹಾಕಬೇಕು. ಬೆಳಿಗ್ಗೆ ಕಸ ಗುಡಿಸುವಾಗ ಒಮ್ಮೆ, ಸಂಜೆ ದೀಪ ಹಚ್ಚುವಾಗ ಒಮ್ಮೆ ಶೋಭಿತಾ ಅದನ್ನು ನೆಟ್ಟಗೆ ಮಾಡುವಳು. ಎಲ್ಲರೂ ಒಪ್ಪಿದರು. ಶಿವನಂಜಮ್ಮ ಮಾತ್ರ ಗೊಣಗಿದಳು.

"ಬಾಳೋ ಮನೇಲಿ ಚೊಂಬು ಬೋರ್ಲಾಕುಬಾರ್ದು ಕಣವ್ವ. ಒಳ್ಳೇದಲ್ಲ ಅದು."

"ಅಂಗಾದ್ರೆ ಅತ್ಗೆ ಜೊತೆ ಮಾತಾಡವ್ವ," ಎಂದಳು ಶೋಭಿತಾ. ಅದಕ್ಕಿಂತ ಚೊಂಬೇ ವಾಸಿ ಎನಿಸಿರಬೇಕು, ಶಿವನಂಜಮ್ಮ ಸುಮ್ಮನಾದಳು.

ವಾರಗಳು ಹೀಗೇ ಕಳೆದವು. ಚೊಂಬು ತನ್ನ ಕೆಲಸ ಮಾಡಿತು, ಮನುಷ್ಯರೇ ಕೆಟ್ಟರು. ಪ್ರಿಯಾಂಕ ಇಳಿದುಹೋದಳು. ಬಸ್ಸಿನಲ್ಲಿ ನಿದ್ದೆ ಹೋಗಿ ನಿಡಘಟ್ಟ ದಾಟಿ ಚನ್ನಪಟ್ಟಣದಲ್ಲಿ ಇಳಿದು ವಾಪಸ್ಸು ಬಂದದ್ದುಂಟು. ಕಾಲಿನ ಪಾದ ಊದಿಕೊಂಡು ಚಪ್ಪಲಿ ಹಿಡಿಸುತ್ತಿರಲಿಲ್ಲ. ಒಂದು ಸಂಜೆ ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಮೊದಲ ತುತ್ತಿಗೇ ಶಿವನಂಜಮ್ಮನಿಗೆ ಗೊತ್ತಾಯಿತು. ಸೊಸೆ ಎದುರಿಗೇ ಇದ್ದಳು, ಒಂದು ಮಾತು ಸಾಕಿತ್ತು. ಅವಳು ನೀರು ಕುಡಿದು ಕುಡಿದು ಆ ಸಾರನ್ನು ಹಾಗೇ ಉಂಡಳು. ಆಮೇಲೆ ಉಣ್ಣಲು ಕೂತ ರವಿಚಂದ್ರ ತಟ್ಟೆ ತಳ್ಳಿದ ಮೇಲೆಯೇ ಪ್ರಿಯಾಂಕಳಿಗೆ ಗೊತ್ತಾದದ್ದು.

ಕೆಲಸ ಬಿಟ್ಟುಬಿಡು ಎಂದು ರವಿಚಂದ್ರ ಜಗಳಕ್ಕೆ ನಿಂತ. ಎಳನೀರಿನಲ್ಲಿ ಹೇಗೋ ನಡೆಯುತ್ತದೆ, ನಿನ್ನನ್ನು ಹೀಗೆ ನೋಡಲಾರೆ ಎಂದ. ಅವಳು ರವಿಕೆಯ ಪಿನ್ನು ತೆಗೆಯುತ್ತ, ಬಿಟ್ಟರೆ ಆ ವಾರ್ಡಿನಲ್ಲಿ ಯಾರಿರುತ್ತಾರೆ ಎಂದು ಕೇಳಿದಳು.

"ನೀನೊಬ್ಳೇನಾ ಸರ್ಕಾರ?"

"ನಾನೊಬ್ಳೇ ನರ್ಸು," ಎಂದಳು. "ಬಾಣಂತೀರು, ಮುದುಕ್ರು, ವಿಷ ಕುಡ್ದೋರು ಎಲ್ಲ ಒಂದೇ ಕಡೆ. ಗ್ಲೂಕೋಸ್ ಹನಿ ಬೀಳೋದು ನಿಂತ್ರೆ ಚಕ್ರ ತಿರುಗ್ಸಿ ಅಂತ ಜೊತೆ ಬಂದೋರ್ಗೇ ಹೇಳ್ಕೊಟ್ಟಿವ್ನಿ. ಅವ್ರು ತಿರುಗುಸ್ತಾರೆ. ಯಾವತ್ತು ಏನಾಯ್ತದೋ ಅಂತ ಎದೆ ಹೊಡ್ಕತದೆ."

ಊರಿಗೆ ಉಪಕಾರಿ ಮನೆಗೆ ಮಾರಿ ಎಂದು ಶಿವನಂಜಮ್ಮ ಒಳಗಿನಿಂದ ಬೆಕ್ಕಿಗೆ ಹೇಳಿದಳು. ಆದರೆ ಅವತ್ತಿನಿಂದ ಒಂದು ಮಾಡತೊಡಗಿದಳು. ತಾನು ಉಂಡ ತಟ್ಟೆಯನ್ನು ತಾನೇ ತೊಳೆದು ಒರೆಸಿ ದಬ್ಬಾಕಿಡುವಳು, ಒಲೆ ಕಟ್ಟೆ ಒರೆಸುವಳು. ದುಡಿದು ಬರುವ ಹೆಣ್ಣಿನ ಕಣ್ಣಿಗೆ ಒಂದು ಎಂಜಲು ತಟ್ಟೆಯೂ ಬೀಳಬಾರದು ಎಂದು. ಅದನ್ನು ಬಾಯಿಬಿಟ್ಟು ಹೇಳಿದ್ದರೆ ಅವತ್ತೇ ಎಲ್ಲ ನೆಟ್ಟಗಾಗುತ್ತಿತ್ತು. ಹೇಳಲಿಲ್ಲ.

ಶಿವರಾತ್ರಿ ಕಳೆದು ಬಿಸಿಲು ಏರಿತು. ಶೋಭಿತಾಳ ಪರೀಕ್ಷೆ ಶುರುವಾಯಿತು. ಒಂದು ದಿನ ಪ್ರಿಯಾಂಕ ಮಧ್ಯಾಹ್ನದ ಡ್ಯೂಟಿಗೆ ಹೋದವಳು ರಾತ್ರಿಯ ಡ್ಯೂಟಿಯನ್ನೂ ಮಾಡಿ, ಬೆಳಿಗ್ಗೆ ಬದಲಿಯವಳು ಬರುವವರೆಗೂ ಕಾದು, ಮಳವಳ್ಳಿಯಲ್ಲಿ ಮದ್ದೂರಿನ ಬಸ್ಸು ಹತ್ತಿದಳು.

ಮನೆಯಲ್ಲಿ ಆ ಬೆಳಿಗ್ಗೆ ರವಿಚಂದ್ರ ಅವ್ವನಿಗೆ ಸೂಜಿ ಕೊಟ್ಟ, ಚೊಂಬು ಬೋರಲು ಹಾಕಿದ, ಆಟೋ ತೆಗೆದ. ಶೋಭಿತಾ ಪರೀಕ್ಷೆಗೆ ಹೋದಳು. ಶಿವನಂಜಮ್ಮ ಒಂದು ರಾಗಿರೊಟ್ಟಿ ತಿಂದು, ತಟ್ಟೆ ತೊಳೆದಿಟ್ಟು, ನಡುಮನೆಯಲ್ಲಿ ಚಾಪೆ ಹಾಸಿಕೊಂಡಳು. ಆ ಹೊತ್ತಿಗೆ ಹೊಂಬಾಳೇಗೌಡರು ಗಾಯ ಕಟ್ಟಿಸಿಕೊಳ್ಳಲು ಬಂದು ಜಗಲಿಯಲ್ಲಿ ಕೂತರು. ಚಿಕ್ಕಮಾದು ಜೊತೆಗೆ ಕೂತ. ಬಿಸಿಲು ಜಗಲಿಗೇ ಬಂತು. ಪ್ರಿಯಾಂಕ ಬರಲಿಲ್ಲ. ಗೌಡರು ಬಾಟಲಿ ಎತ್ತಿ ಎತ್ತಿ ಕುಡಿದು ಖಾಲಿ ಮಾಡಿದರು. ಆ ಕಾಲಿನಲ್ಲಿ ಎದ್ದು ಮನೆಗೆ ಹೋಗಿ ಬರುವುದು ಆಗದ ಮಾತು. ಸ್ವಲ್ಪ ಹೊತ್ತು ತುಟಿ ನೆಕ್ಕಿಕೊಂಡು ಕೂತರು. ಆಮೇಲೆ ಬೀದಿಯ ಕಡೆ ನೋಡುತ್ತ ಹೇಳಿದರು.

"ಒಂದೀಟು ನೀರು ಕೊಡ್ಲಾ, ಚಿಕ್ಕಮಾದು."

ಚಿಕ್ಕಮಾದುವಿಗೆ ಅರವತ್ತು ದಾಟಿದೆ. ಅವನ ಅಪ್ಪ ಆ ಮನೆಯ ಹಿತ್ತಲಲ್ಲಿ ಬೊಗಸೆ ಒಡ್ಡಿ ನೀರು ಕುಡಿದವನು. ಚಿಕ್ಕಮಾದು ದಡಬಡಿಸಿ ಎದ್ದ. ಒಳಗೆ ಓಡಿದ. ಸ್ಟೀಲು ಲೋಟ ಕೈಗೆ ಸಿಕ್ಕಿತು, ಅದನ್ನು ಬಿಟ್ಟ. ಗೌಡರಿಗೆ, ಅದೂ ಮೊದಲ ಸಲ, ಲೋಟದಲ್ಲಿ ಕೊಡುವುದೇ? ಮನೆಗೆ ಬಂದ ನೆಂಟರಿಗೆ ಚೊಂಬಿನಲ್ಲಿ ನೀರು ಕೊಡುವುದು ನಮ್ಮ ಕಡೆಯ ಮರ್ಯಾದೆ. ಗೂಡಿನಲ್ಲಿದ್ದ ಹಿತ್ತಾಳೆ ಚೊಂಬನ್ನು ಎತ್ತಿದ, ಹುಣಿಸೆಹಣ್ಣು ಹಾಕಿ ಉಜ್ಜಿದ, ಕಂಠದವರೆಗೂ ತುಂಬಿ ಎರಡೂ ಕೈಯಲ್ಲಿ ಹಿಡಿದು ತಂದ. ಗೌಡರು ಎತ್ತಿ ಗಟಗಟ ಕುಡಿದರು, ಮೀಸೆ ಒರೆಸಿಕೊಂಡು, ನೀರು ತಂಪಾಗಿ ಅದೆ ಎಂದರು. ಚಿಕ್ಕಮಾದುವಿನ ಕಣ್ಣು ತುಂಬಿತು. ಉಳಿದ ನೀರಿನೊಡನೆ ಚೊಂಬನ್ನು ತಂದು, ಎಲ್ಲರಿಗೂ ಕಾಣುವ ಹಾಗೆ, ಗೂಡಿನಲ್ಲಿ ನೆಟ್ಟಗೆ ಇಟ್ಟ. ಬೋರಲು ಎಂಬುದು ಅವನ ತಲೆಯಲ್ಲಿ ಇರಲೇ ಇಲ್ಲ. ಇರುವುದಾದರೂ ಹೇಗೆ?

ಪ್ರಿಯಾಂಕ ಬಂದಳು. ನಿಂತ ಹಾಗೇ ಗೌಡರ ಗಾಯ ತೊಳೆದು ಕಟ್ಟಿದಳು. ಗೌಡರಿಗೆ ಹೆಗಲು ಕೊಟ್ಟುಕೊಂಡು ಚಿಕ್ಕಮಾದು ಅವರ ಮನೆ ಕಡೆ ಹೊರಟ. ಅವತ್ತು ಊರ ಬೀದಿಯಲ್ಲಿ ಹಾಗೆ ನಡೆಯುವುದೇ ಅವನಿಗೆ ಒಂದು ಹಬ್ಬ. ಪ್ರಿಯಾಂಕ ಒಳಗೆ ಬಂದಳು. ಚೊಂಬು ನೆಟ್ಟಗಿತ್ತು. ಹೊತ್ತು ಏರಿಹೋಗಿದೆ, ಅತ್ತೆಗೆ ಇನ್ನೂ ಸೂಜಿ ಆಗಿಲ್ಲ, ಅಂದರೆ ಹೊಟ್ಟೆಗೂ ಬಿದ್ದಿಲ್ಲ. ಒಲೆ ಕಟ್ಟೆಯ ಮೇಲೆ ಒಂದೂ ಎಂಜಲು ತಟ್ಟೆಯಿಲ್ಲ. ರಕ್ತದ ಸಕ್ಕರೆ ನೋಡುವ ಸ್ಟ್ರಿಪ್ಪುಗಳು ಮುಗಿದು ವಾರವಾಗಿತ್ತು. ರವಿಚಂದ್ರನಿಗೆ ಫೋನು ಮಾಡಿದಳು, ಅವನು ಎಲ್ಲೋ ತೋಟದೊಳಗೆ ಲೋಡು ಮಾಡುತ್ತಿದ್ದ, ಹತ್ತಲಿಲ್ಲ. ಫ್ರಿಜ್ಜು ತೆಗೆದಳು.

ಸೂಜಿ ಹಿಡಿದು ಬಂದು ಚಾಪೆಯ ಪಕ್ಕ ಕೂತಾಗ ಶಿವನಂಜಮ್ಮ ಕಣ್ಣು ಬಿಟ್ಟು ನೋಡಿದಳು. ಆಗಲೇ ಆಗಿದೆ ಎಂದರೆ ಮುಗಿಯುತ್ತಿತ್ತು, ಎರಡೇ ಮಾತು. ಅವಳು ಗೋಡೆಯ ಕಡೆ ತಿರುಗಿ, ಸೆರಗು ಸರಿಸಿ, ಹೊಟ್ಟೆ ಕೊಟ್ಟಳು.

ಯಾಕೆ ಕೊಟ್ಟಳು ಎಂದು ಆ ಮನೆಯವರು ಈಗಲೂ ಕಿತ್ತಾಡುತ್ತಾರೆ. ಬಿಗುಮಾನ, ಮೊದಲು ಮಾತಾಡಿದರೆ ಸೋತಂತೆ ಎಂದು ಕೊಟ್ಟಳು ಎನ್ನುತ್ತಾನೆ ಚಿಕ್ಕಮಾದು. ಬಿಗುಮಾನವಲ್ಲ, ನಂಬಿಕೆ, ನರ್ಸಿನ ಕೈ ತಪ್ಪುವುದಿಲ್ಲ, ಡಾಕ್ಟರು ಹೆಚ್ಚಿಗೆ ಹೇಳಿರಬೇಕು ಎಂದುಕೊಂಡಳು ಎನ್ನುತ್ತಾಳೆ ಶೋಭಿತಾ. ಮಾತು ಆಡಿದರೆ ಹೋಯಿತು ಎನ್ನುತ್ತಾರೆ ಹಿರಿಯರು. ಆಡದಿದ್ದರೂ ಹೋಗುತ್ತದೆ ಎಂದು ಅವರು ಯಾಕೆ ಹೇಳಲಿಲ್ಲವೋ.

ಪ್ರಿಯಾಂಕ ಚೊಂಬಿನ ನೀರು ಚೆಲ್ಲಿ ಬೋರಲು ಹಾಕಿದಳು. ಉಪ್ಪಿಟ್ಟು ಮಾಡಿ, ತಟ್ಟೆ ಮುಚ್ಚಿ, ಅತ್ತೆಯ ತಲೆದೆಸೆಯಲ್ಲಿಟ್ಟಳು. ಕೋಣೆಗೆ ಹೋಗಿ ಕೋಟನ್ನೂ ಬಿಚ್ಚದೆ ಬಿದ್ದವಳಿಗೆ ಲೋಕದ ಎಚ್ಚರವೇ ಇರಲಿಲ್ಲ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಶೋಭಿತಾ ಪರೀಕ್ಷೆ ಮುಗಿಸಿ ಬಂದಳು. ಬಾಗಿಲು ತೆಗೆದೇ ಇತ್ತು, ಊರೊಳಗೆ ಹೋದ ಚಿಕ್ಕಮಾದು ಇನ್ನೂ ಬಂದಿರಲಿಲ್ಲ. ಅವ್ವ ಹೊಸ್ತಿಲ ಪಕ್ಕ ಗೋಡೆಗೆ ಒರಗಿ ಕೂತಿದ್ದಳು, ರವಿಕೆ ಬೆವರಿನಲ್ಲಿ ತೊಯ್ದು ಮೈಗೆ ಅಂಟಿತ್ತು, ಬಾಯಿ ಒಂದು ಕಡೆಗೆ ವಾಲಿತ್ತು. ಉಪ್ಪಿಟ್ಟು ಮುಚ್ಚಿದ ಹಾಗೇ ಇತ್ತು. ಶೋಭಿತಾಳ ಕೂಗಿಗೆ ಪ್ರಿಯಾಂಕ ಎದ್ದು ಬಂದಳು. ಕೈ ಮುಟ್ಟಿದಳು, ತಣ್ಣಗಿತ್ತು. ಏನಾಗಿದೆ ಎಂದು ನರ್ಸಿಗೆ ಯಾರೂ ಹೇಳಬೇಕಾಗಲಿಲ್ಲ. ಹೇಗಾಯಿತು ಎಂಬುದು ಮಾತ್ರ ತಿಳಿಯಲಿಲ್ಲ. ಸಕ್ಕರೆಯನ್ನು ಬೆರಳಿನಿಂದ ಒಸಡಿಗೆ ತಿಕ್ಕಿದಳು, ಅತ್ತೆ ಅತ್ತೆ ಎಂದು ಕೆನ್ನೆ ತಟ್ಟಿದಳು. ವಾರಗಳ ಮೇಲೆ ಅವಳ ಬಾಯಿಂದ ಆ ಮಾತು ಬಂದಿತ್ತು, ಕೇಳಿಸಿಕೊಳ್ಳುವವಳಿಗೆ ಕಿವಿಯಿರಲಿಲ್ಲ.

ರವಿಚಂದ್ರ ಆಟೋದ ಎಳನೀರನ್ನು ರಸ್ತೆಯ ಬದಿಗೇ ಸುರಿದು ಬಂದ. ಹಿಂದೆ ಚಾಪೆ ಹಾಸಿ ಮಲಗಿಸಿ ಮದ್ದೂರಿಗೆ ಹೋದರು, ಅಲ್ಲಿ ನರಕ್ಕೆ ಗ್ಲೂಕೋಸ್ ಕೊಟ್ಟು ಮಂಡ್ಯಕ್ಕೆ ಕರೆದುಕೊಂಡು ಹೋಗಿ ಎಂದರು. ಮಂಡ್ಯದ ಆಸ್ಪತ್ರೆಯ ವಾರ್ಡಿನಲ್ಲಿ ಹಾಸಿಗೆ ತುಂಬಿ ನೆಲದ ಮೇಲೂ ಜನ. ನರ್ಸು ಒಬ್ಬಳೇ, ಇನ್ನೂ ಹುಡುಗಿ, ಓಡಿ ಓಡಿ ಅವಳ ಜಡೆ ಬಿಚ್ಚಿಹೋಗಿತ್ತು. ಪ್ರಿಯಾಂಕ ತಾನೂ ಸ್ಟಾಫು ಎಂದಳು. ಆ ಹುಡುಗಿ ಗ್ಲೂಕೋಸ್ ಬಾಟಲಿ, ಸೂಜಿ, ಪ್ಲಾಸ್ಟರು ಎಲ್ಲವನ್ನೂ ಅವಳ ಕೈಗೇ ಹಾಕಿ ಇನ್ನೊಂದು ಹಾಸಿಗೆಗೆ ಓಡಿದಳು. ಅತ್ತೆಯ ನರವನ್ನು ಹುಡುಕಿ ಪ್ರಿಯಾಂಕಳೇ ಬಾಟಲಿ ಏರಿಸಿದಳು. ಮುದುರಿದ ಆ ಬಿಳೀ ಕೋಟು ಕಂಡು ಪಕ್ಕದವರು, ಸಿಸ್ಟರ್, ಇಲ್ಲೊಂಚೂರು ನೋಡಿ ಎಂದರು. ಅವಳು ಹೋಗಿ ನೋಡಿದಳು. ಇನ್ನೊಬ್ಬರು ಕರೆದರು, ಅಲ್ಲಿಗೂ ಹೋದಳು. ಅವ್ವನ ಕಾಲ ಬಳಿ ಕೂತಿದ್ದ ಶೋಭಿತಾ ಅತ್ತಿಗೆಯನ್ನೇ ನೋಡುತ್ತಿದ್ದಳು.

ಸ್ವಲ್ಪ ಹೊತ್ತಿನ ಮೇಲೆ ವಾರ್ಡಿನ ಹೊರಗಿನ ಬೆಂಚಿನಲ್ಲಿ ಪ್ರಿಯಾಂಕ ಗಂಡನನ್ನು ಕೇಳಿದಳು.

"ಬೆಳಿಗ್ಗೆ ಸೂಜಿ ಕೊಟ್ಟಿದ್ರಾ?"

"ಕೊಟ್ಟಿವ್ನಿ. ಚೊಂಬೂ ಬೋರ್ಲಾಕಿ ಓಗಿವ್ನಿ."

"ನೆಟ್ಟಗಿತ್ತು," ಎಂದಳು. "ನಾನೂ ಕೊಟ್ಟೆ."

ಬೆಂಚಿನ ಆ ತುದಿಯಲ್ಲಿ ಕೂತಿದ್ದ ಚಿಕ್ಕಮಾದು ತಲೆ ಎತ್ತಲಿಲ್ಲ. ತನ್ನ ಎರಡು ಕೈಗಳನ್ನೇ ನೋಡಿಕೊಂಡಿದ್ದ.

"ಗೌಡ್ರು ನೀರು ಕೇಳುದ್ರು ಕಣವ್ವ," ಎಂದ. "ಮೊದುಲ್ನೇ ಸಲ ಕೇಳುದ್ರು."

ರವಿಚಂದ್ರ ಎದ್ದು ಹೋಗಿ ಗೋಡೆಗೆ ಹಣೆಯಿಟ್ಟು ನಿಂತ.

ಶಿವನಂಜಮ್ಮ ಸಾಯಲಿಲ್ಲ. ಮೆದುಳಿಗೆ ತುಂಬ ಹೊತ್ತು ಸಕ್ಕರೆ ಸಿಕ್ಕಿಲ್ಲ, ಉಳಿದದ್ದೇ ಹೆಚ್ಚು ಎಂದು ಡಾಕ್ಟರು ಹೇಳಿ ಕಳಿಸಿದರು. ಮನೆಗೆ ಬಂದಳು. ಚಮಚದಲ್ಲಿ ಕೊಟ್ಟರೆ ನುಂಗುತ್ತಾಳೆ, ಕೈ ಅಲ್ಲಾಡಿಸುತ್ತಾಳೆ, ಕಣ್ಣು ತೆರೆದಿರುತ್ತದೆ. ಮಾತಿಲ್ಲ. ಬೆಕ್ಕು ಬಂದು ಕಾಲಿಗೆ ಮೈ ಉಜ್ಜಿದರೂ ಇಲ್ಲ.

ನೋಡಲು ಬಂದ ಪಕ್ಕದ ಮನೆಯ ಪಟ್ಟಲಮ್ಮ ಅತ್ತುಕೊಂಡು ಒಂದು ವಿಷಯ ಹೇಳಿದಳು. ಅವತ್ತು ಮಧ್ಯಾಹ್ನ ಅವಳು ಬಿಪಿ ನೋಡಿಸಿಕೊಳ್ಳಲು ಬಂದಿದ್ದಳಂತೆ. ಶಿವನಂಜಮ್ಮ ಹೊಸ್ತಿಲ ಬಳಿ ಕೂತಿದ್ದಳಂತೆ, ಮೈಯೆಲ್ಲ ಬೆವರು, ಕೈ ನಡುಗುತ್ತಿತ್ತಂತೆ. ಏನೇ ಇದು ಎಂದರೆ ಸೆಕೆ ಎಂದಳಂತೆ. ಪ್ರಿಯಾಂಕಳನ್ನು ಕರೀತೀನಿ ಎಂದು ಪಟ್ಟಲಮ್ಮ ಒಳಗೆ ಕಾಲಿಡಲು ಹೋದಾಗ ಕೈ ಅಡ್ಡ ಹಿಡಿದಳಂತೆ.

"ಎಬ್ಬುಸ್ಬ್ಯಾಡ ಕಣೆ, ಹೆಣ್ಮಗ ನೆನ್ನೆಯಿಂದ ಕಣ್ಣು ಮುಚ್ಚಿಲ್ಲ, ಮಲೀಕಳ್ಲಿ ಅಂದ್ಲು," ಎಂದು ಪಟ್ಟಲಮ್ಮ ಮೂಗು ಒರೆಸಿಕೊಂಡಳು. "ಅಂಗಂದ್ಲಲ್ಲಾ ಅಂತ ನಾನೂ ವಾಪಸ್ ಬಂದ್ಬುಟ್ಟೆ."

ಪ್ರಿಯಾಂಕ ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ನೀರಿನ ನಲ್ಲಿ ಬಿಟ್ಟ ಸದ್ದು ಕೇಳಿಸಿತು. ಅಳುವುದಕ್ಕೂ ಆ ಮನೆಯಲ್ಲಿ ಬೇರೆ ಜಾಗವಿಲ್ಲ.

ಮಳವಳ್ಳಿಯಿಂದ ಫೋನು ಬರತೊಡಗಿತು. ರಜ ಮುಗಿಯುತ್ತಾ ಬಂತು ಸಿಸ್ಟರ್, ವಾರ್ಡಿನಲ್ಲಿ ಯಾರೂ ಇಲ್ಲ, ನಿಮ್ಮ ಬದಲಿಗೆ ಹಾಕಿದವಳೂ ಜ್ವರ ಬಂದು ಮಲಗಿದಾಳೆ ಎಂದು. ಹೊಂಬಾಳೇಗೌಡರ ಕಾಲನ್ನು ಎರಡು ವಾರ ಯಾರೂ ತೊಳೆದು ಕಟ್ಟಿರಲಿಲ್ಲ. ಬೆರಳು ಕಪ್ಪಾಗಿ, ಮಗ ಅವರನ್ನು ಮೈಸೂರಿಗೆ ಕರೆದುಕೊಂಡು ಹೋದ. ಹೋಗುವ ಮುಂಚೆ ಅವರು ಬಾಟಲಿಯಿಲ್ಲದೆ ಬಂದು ಶಿವನಂಜಮ್ಮನ ಚಾಪೆಯ ಹತ್ತಿರ ನಡುಮನೆಯಲ್ಲೇ ಕೂತರು. ಚಿಕ್ಕಮಾದು ಸ್ಟೀಲು ಲೋಟದಲ್ಲಿ ನೀರು ತಂದಿಟ್ಟ. ಗೌಡರು ಕುಡಿದರು. ಹಿತ್ತಾಳೆ ಚೊಂಬು ಅವತ್ತು ಪ್ರಿಯಾಂಕ ಬೋರಲು ಹಾಕಿದ ಹಾಗೇ ಗೂಡಿನಲ್ಲಿತ್ತು. ಅದನ್ನು ಮುಟ್ಟುವವರಿಲ್ಲ.

ಪರೀಕ್ಷೆ ಮುಗಿದಿತ್ತು. ನರ್ಸಿಂಗಿಗೇ ಸೇರುತ್ತೇನೆ ಎಂದು ಶೋಭಿತಾ ಒಂದು ಸಂಜೆ ತಟ್ಟೆ ನೋಡಿಕೊಂಡು ಹೇಳಿದಳು. ಈ ಸಲ ಪ್ರಿಯಾಂಕ ಬೇಡ ಎನ್ನಲಿಲ್ಲ, ಬೇಕು ಎಂದೂ ಅನ್ನಲಿಲ್ಲ. ಅಲ್ಲಿಯವರೆಗೆ ಹಗಲೆಲ್ಲ ಅವ್ವನನ್ನು ನೋಡಿಕೊಳ್ಳುವವಳು ಶೋಭಿತಾಳೇ ಎಂದು ಯಾರೂ ಹೇಳದೆ ಗೊತ್ತಾಗಿಹೋಯಿತು.

ಸೋಮವಾರ ಬೆಳಿಗ್ಗೆ ಪ್ರಿಯಾಂಕ ಸ್ನಾನ ಮಾಡಿ, ಅತ್ತೆಗೆ ಸೂಜಿ ಕೊಟ್ಟು, ಕೋಟು ಹಾಕಿಕೊಂಡಳು. ಗಂಜಿ ಕಲಸಿ, ಬಟ್ಟಲು ಹಿಡಿದು ಚಾಪೆಯ ಪಕ್ಕ ಕೂತಳು. ಶಿವನಂಜಮ್ಮ ಅವಳ ಕೈಯನ್ನು ನೋಡಿದಳು. ಅವಳ ಬೆರಳುಗಳು ಮೆಲ್ಲಗೆ ಹರಿದಾಡಿ ಸೆರಗು ಹುಡುಕಿದವು. ಸೆರಗು ಸರಿಸಿ, ಗೋಡೆಯ ಕಡೆ ಮುಖ ತಿರುಗಿಸಿ, ಹೊಟ್ಟೆ ಕೊಟ್ಟಳು.

"ಆಗಿದೆ ಅತ್ತೆ," ಎಂದಳು ಪ್ರಿಯಾಂಕ. "ಆಗ್ಲೇ ಆಗಿದೆ."

ಸೆರಗು ಮುಚ್ಚಿದಳು. ಶಿವನಂಜಮ್ಮ ಮತ್ತೆ ಸರಿಸಿದಳು. ಹೊರಗೆ ರವಿಚಂದ್ರ ಆಟೋ ಚಾಲು ಮಾಡಿ ಹಾರನ್ ಹೊಡೆದ, ಮದ್ದೂರಿನ ಬಸ್ಸಿಗೆ ಹೊತ್ತಾಗುತ್ತಿತ್ತು. ಪ್ರಿಯಾಂಕ ಬಟ್ಟಲನ್ನು ಶೋಭಿತಾಳ ಕೈಗೆ ಕೊಟ್ಟಳು. ವಾರ್ಡಿನಲ್ಲಿ ಡ್ಯೂಟಿ ಒಪ್ಪಿಸುವಾಗ ಹೇಳುವ ಹಾಗೆ ಅವಳ ಕಣ್ಣು ನೋಡಿ, ಬೆಳಗಿನ ಸೂಜಿ ನಾನು ಕೊಟ್ಟಿದೀನಿ, ನೀನು ಕೊಡಬೇಡ ಎಂದಳು. ಶೋಭಿತಾ ಆ ಮಾತನ್ನು ತಿರುಗಿ ಹೇಳಿ ಒಪ್ಪಿಸಿದ ಮೇಲೆಯೇ ಪ್ರಿಯಾಂಕ ಎದ್ದಳು. ಹೊಸ್ತಿಲು ದಾಟಿ ಒಮ್ಮೆ ಹಿಂದಕ್ಕೆ ನೋಡಿದಾಗ ಶೋಭಿತಾ ಚಮಚ ಎತ್ತಿದ್ದಳು. ಶಿವನಂಜಮ್ಮ ಮಗಳಿಗೂ ಸೆರಗು ಸರಿಸುತ್ತಿದ್ದಳು.